ಏಳು ಗೆರೆ ಖಾಲಿ ಬಿಟ್ಟವಳ ಪತ್ರ

ಮಾನ್ಯ ಅಧ್ಯಕ್ಷರೇ, ಗೌರವ ಪ್ರಧಾನ ಕಾರ್ಯದರ್ಶಿಗಳೇ, ಕಾರ್ಯಕಾರಿ ಸಮಿತಿಯ ಸದಸ್ಯರೇ,

ಕಳೆದ ಭಾನುವಾರ ನಮ್ಮ ಸಂಘದ ಯುವ ವಿಭಾಗದ ಇಬ್ಬರು ಹುಡುಗರು ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಮನೆಗೆ ಬಂದು, ಇಪ್ಪತ್ತು ಕೂಪನ್ನುಗಳ ಒಂದು ಪುಸ್ತಕ ಕೊಟ್ಟು, ಚಹಾ ಕುಡಿದು ಹೋದರು. 'ಒಳಗಿನ ಮಗುವನ್ನು ಗುಣಪಡಿಸಿ: ಎರಡು ದಿನಗಳ ಪರಿವರ್ತನಾ ಶಿಬಿರ.' ಒಳಗಿನ ಮಗು ಎಂದರೆ ನಮ್ಮೊಳಗೆ ಇನ್ನೂ ಉಳಿದಿದೆ ಎನ್ನುವ ನೋವುಂಡ ಬಾಲ್ಯವಂತೆ. ಕೂಪನ್ ಒಂದಕ್ಕೆ 2,500 ರೂಪಾಯಿ, ಅದೂ ಸದಸ್ಯರಿಗೆ ರಿಯಾಯಿತಿ ದರ. ಉಳಿದ ಖರ್ಚು ಸಂಘದ್ದಂತೆ. ಯಾವ ನಿಧಿಯಿಂದ ಎಂದು ಕೇಳಿದರೆ ಹುಡುಗರು ಮುಖ ಮುಖ ನೋಡಿಕೊಂಡರು. ಆಮೇಲೆ ಫೋನ್ ಮಾಡಿ ತಿಳಿದುಕೊಂಡೆ. ವೈದ್ಯಕೀಯ ನೆರವು ನಿಧಿಯಿಂದ, ಒಂದೂವರೆ ಲಕ್ಷ. "ಟೀಚರ್, ಮಾನಸಿಕ ಆರೋಗ್ಯವೂ ಆರೋಗ್ಯವೇ ಅಲ್ವಾ?" ಎಂದು ಕಾರ್ಯದರ್ಶಿಗಳು ನನ್ನನ್ನೇ ಕೇಳಿದರು. ಹೌದು, ಆರೋಗ್ಯವೇ. ಅದಕ್ಕೇ ಈ ಪತ್ರ, ಅದಕ್ಕೇ ಎಲ್ಲರೂ ಓದುವ ಹಾಗೆ.

ಮನಸ್ಸಿನ ಕಾಯಿಲೆ ಎಂದರೆ ಉಂಡಾಡಿಗಳ ಸೋಗು ಎಂದುಕೊಂಡ ಮುದುಕಿಯೊಬ್ಬಳ ತಕರಾರು ಇದು ಎಂದು ನೀವು ಪಕ್ಕಕ್ಕಿಡುವ ಮೊದಲು ನಮ್ಮ ಮನೆಯ ವಿಷಯ ಹೇಳಿಬಿಡುತ್ತೇನೆ. 2009ರಲ್ಲಿ ನಮ್ಮವರ ಕಂಪನಿ ಬಾಗಿಲು ಹಾಕಿತು. ಮೂರು ತಿಂಗಳಲ್ಲಿ ಮನುಷ್ಯ ಬೇರೆಯೇ ಆದರು. ಗಡ್ಡ ಹೆರೆಯುವುದು ಬಿಟ್ಟರು. ಬೆಳಗಿನ ಜಾವ ಮೂರಕ್ಕೆ ಎದ್ದು ಕಿಟಕಿಯ ಹತ್ತಿರ ಕೂತಿರುತ್ತಿದ್ದರು. ಭಾನುವಾರ ಮೀನು ತರಲು ಹಬ್ಬಕ್ಕೆ ಹೊರಟ ಹಾಗೆ ಹೊರಡುತ್ತಿದ್ದವರಿಗೆ ಬಂಗುಡೆಯೂ ಬೇಡ, ಬೂತಾಯಿಯೂ ಬೇಡ. ಊರಿಂದ ಅತ್ತೆ ದೈವಕ್ಕೆ ಹರಕೆ ಹೇಳಿಕೊಂಡರು. ಅಣ್ಣ ಫೋನಿನಲ್ಲಿ, "ಸ್ವಲ್ಪ ಧೈರ್ಯ ಹೇಳು ಮಾರಾಯ್ತಿ, ಗಂಡಸು ಹೀಗೆ ಕೂತರೆ ಹೇಗೆ" ಎಂದ. ನಾನೂ ಒಂದಷ್ಟು ದಿನ ಧೈರ್ಯ ಹೇಳಿದೆ. ಕೊನೆಗೆ ಶಾಲೆಗೆ ರಜೆ ಹಾಕಿ ಮುನಿಸಿಪಾಲಿಟಿಯ ದೊಡ್ಡ ಆಸ್ಪತ್ರೆಯೊಂದರ ಮನೋರೋಗದ ಹೊರರೋಗಿ ವಿಭಾಗಕ್ಕೆ, ಅಂದರೆ ಓಪಿಡಿಗೆ, ಕರೆದುಕೊಂಡು ಹೋದೆ.

ಕೇಸ್ ಪೇಪರಿಗೆ ಒಂದು ಸಾಲು, ಒಳಗೆ ಹೋಗಲು ಇನ್ನೊಂದು ಸಾಲು. ಡಾಕ್ಟರು ತೀರಾ ಚಿಕ್ಕವರು, ಅವರ ಕಣ್ಣಲ್ಲೇ ನಿದ್ದೆ ಇತ್ತು. ಬಾಲ್ಯದ ಬಗ್ಗೆ ಏನೂ ಕೇಳಲಿಲ್ಲ. ನಿದ್ದೆ ಎಷ್ಟು ಗಂಟೆ, ಊಟ ಸೇರುತ್ತದಾ, ತೂಕ ಇಳಿದಿದೆಯಾ, ಸಾಯಬೇಕು ಅನ್ನಿಸುತ್ತದಾ? ಮೂರು ತಿಂಗಳು ಒಂದೇ ಕೋಣೆಯಲ್ಲಿ ಮಲಗಿದ ನಾನು ಕೇಳಲು ಹೆದರಿದ್ದ ಪ್ರಶ್ನೆ ಅದು. ಇವರು ತಲೆ ತಗ್ಗಿಸಿ "ಹೌದು" ಎಂದರು. ಗುಳಿಗೆ ಶುರುವಾಯಿತು. ಮೂರನೆಯ ಸಲ ಹೋದಾಗ ಅಲ್ಲಿಯ ಸೋಷಿಯಲ್ ವರ್ಕರ್ ಬಾಯಿ ನನ್ನನ್ನು ಒಬ್ಬಳನ್ನೇ ಕರೆದು ಮರಾಠಿಯಲ್ಲಿ ಹೇಳಿದರು: "ನಾಳೆಯಿಂದ ಹಾಲು ತರುವುದು ಅವರ ಕೆಲಸ. ಅವರು ತರದಿದ್ದರೆ ಅವತ್ತು ಮನೆಯಲ್ಲಿ ಚಹಾ ಇಲ್ಲ. ನೀವು ಮಾತ್ರ ತರಕೂಡದು." ನಾಲ್ಕು ದಿನ ಮನೆಯಲ್ಲಿ ಚಹಾ ಇರಲಿಲ್ಲ. ಐದನೆಯ ದಿನ ಲುಂಗಿಯಲ್ಲೇ ಮೂರು ಮಹಡಿ ಇಳಿದು ಅರ್ಧ ಲೀಟರಿನ ಪ್ಯಾಕೆಟ್ ತಂದು ಕಟ್ಟೆಯ ಮೇಲಿಟ್ಟರು. ಪೂರ್ತಿ ಗುಣವಾಗಲು ವರ್ಷದ ಮೇಲಾಯಿತು, ನಡುವೆ ಒಮ್ಮೆ ತಾವೇ ಗುಳಿಗೆ ಬಿಟ್ಟು ಮತ್ತೆ ಬಿದ್ದರು. ಈಗಲೂ ಹಾಲು ತರುವುದು ಅವರೇ.

ಹಾಗಾಗಿ ಚಿಕಿತ್ಸೆಯ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಚಿಕಿತ್ಸೆಯ ವೇಷ ಹಾಕಿಕೊಂಡು ಬರುವ ವ್ಯಾಪಾರದ ಮೇಲೆ. ಅದನ್ನೂ ನಾನು ಕಣ್ಣಾರೆ ಕಂಡಿದ್ದೇನೆ.

ನನ್ನ ತಂಗಿಯ ಮಗ ಐರೋಲಿಯಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಮೊದಲು ಮೊಬೈಲಿನಲ್ಲಿ ಪುಕ್ಕಟೆ ಭಾಷಣ, ಆಮೇಲೆ 99 ರೂಪಾಯಿಯ ವೆಬಿನಾರ್, ಆಮೇಲೆ 'ಬೇಸಿಕ್', ಆಮೇಲೆ 'ಅಡ್ವಾನ್ಸ್'. ಹೀಗೆ ಮೆಟ್ಟಿಲು ಹತ್ತಿ ಹತ್ತಿ ಒಟ್ಟು 85,000 ಕಳೆದಿದ್ದ. ನಾನು ಬೈದಾಗ, "ದೊಡ್ಡಮ್ಮ, ನೀವು ಒಂದು ಸಲ ಬಂದು ನೋಡಿ, ಆಮೇಲೆ ಎಷ್ಟು ಬೇಕಾದರೂ ಬೈಯಿರಿ" ಎಂದ. ನನ್ನ ದುಡ್ಡನ್ನೂ ಅವನೇ ಕಟ್ಟಿದ. ಹೋದೆ.

ಅಂಧೇರಿಯ ಒಂದು ಹೋಟೆಲಿನ ಸಭಾಂಗಣ. ಏಸಿ ಎಷ್ಟಿತ್ತೆಂದರೆ ಸೆರಗು ಹೊದ್ದು ಕೂತೆ. ನೂರೈವತ್ತು ಜನರಾದರೂ ಇದ್ದರು. ಫೋನುಗಳನ್ನು ಚೀಲಕ್ಕೆ ಹಾಕಿಸಿಕೊಂಡರು. ಎಲ್ಲರಿಗೂ ಒಂದೊಂದು ಹಾಳೆ ಹಂಚಿದರು. ಮೇಲೆ 'ನನ್ನ ಗಾಯಗಳು' ಎಂದು ತಲೆಬರಹ, ಕೆಳಗೆ ಒಂದರಿಂದ ಹತ್ತರವರೆಗೆ ಖಾಲಿ ಗೆರೆ. ನಾನು ಯೋಚಿಸಿ ಮೂರು ಬರೆದೆ. ಏಳನೆಯ ಕ್ಲಾಸಿಗೆ ನನ್ನನ್ನು ಶಾಲೆ ಬಿಡಿಸಲು ಹೊರಟದ್ದು, ಮೊದಲನೆಯ ಮಗು ಉಳಿಯದ್ದು, ಇವರ ಕಾಯಿಲೆ. ಪೆನ್ನು ಮುಚ್ಚಿದೆ. ಬಿಳಿ ಟೀಶರ್ಟಿನ ಹುಡುಗಿಯೊಬ್ಬಳು, ಇಪ್ಪತ್ತೈದು ಇರಬಹುದು, ಬಂದು ಬಗ್ಗಿ ಹಿಂದಿಯಲ್ಲಿ, "ಆಂಟಿ, ಇನ್ನೂ ಏಳು ಇದೆ" ಎಂದಳು. ಇಲ್ಲಮ್ಮ, ಇಷ್ಟೇ ಎಂದೆ. "ಇರುತ್ತೆ ಆಂಟಿ. ನೀವು ಒಳಗೆ ಅದುಮಿಟ್ಟಿದ್ದೀರಿ" ಎಂದಳು.

ಮೂವತ್ತೈದು ವರ್ಷ ಉತ್ತರ ಪತ್ರಿಕೆ ತಿದ್ದಿದವಳು ನಾನು. ಬಿಟ್ಟ ಸ್ಥಳ ತುಂಬಿರಿ ಎಂದರೆ ಮಕ್ಕಳು ಏನು ಮಾಡುತ್ತಾರೆಂದು ನನಗೆ ಗೊತ್ತು. ತುಂಬುತ್ತಾರೆ. ಗೊತ್ತಿದ್ದರೂ ತುಂಬುತ್ತಾರೆ, ಗೊತ್ತಿಲ್ಲದಿದ್ದರೂ ತುಂಬುತ್ತಾರೆ.

ಪಕ್ಕದಲ್ಲಿದ್ದ ಹುಡುಗಿ ನಮ್ಮ ಕಡೆಯವಳೇ. ಅವಳೂ ತುಂಬುತ್ತಾ ಹೋದಳು. ಹತ್ತನೆಯ ಗೆರೆಯಲ್ಲಿ, ಅಪ್ಪ ನನ್ನ ಸ್ಕೂಲಿನ ವಾರ್ಷಿಕ ಗ್ಯಾದರಿಂಗಿಗೆ ಒಂದು ವರ್ಷವೂ ಬರಲಿಲ್ಲ ಎಂದು ಬರೆದಳು. ಮಧ್ಯಾಹ್ನದ ಹೊತ್ತಿಗೆ ವೇದಿಕೆಯ ಮೇಲಿಂದ ಅದಕ್ಕೊಂದು ಇಂಗ್ಲಿಷ್ ಹೆಸರು ಸಿಕ್ಕಿತ್ತು, 'ಅಬ್ಯಾಂಡನ್‌ಮೆಂಟ್ ಟ್ರಾಮಾ', ಅಂದರೆ ನಮ್ಮವರೇ ಕೈಬಿಟ್ಟದ್ದರ ಗಾಯ. ಸಂಜೆ ಹತ್ತು ನಿಮಿಷಕ್ಕೆ ಫೋನು ವಾಪಸ್ ಕೊಟ್ಟು, ಗಾಯ ಮಾಡಿದವರಿಗೆ ಈಗಲೇ ಕರೆ ಮಾಡಿ ಹೇಳಿ, ಸ್ಪೀಕರಿನಲ್ಲಿಡಿ ಎಂದರು. ಅವಳು ಅಪ್ಪನಿಗೆ ಮಾಡಿದಳು. ಆತ ಯಾವುದೋ ಹೋಟೆಲಿನ ಗಲ್ಲೆಯಲ್ಲಿ ಕೂರುವವರು. ಶನಿವಾರ ಸಂಜೆಯ ಗಿರಾಕಿ, ತಟ್ಟೆಗಳ ಸದ್ದು. ಇವಳು ಅಳುತ್ತಾ, ಕಲಿಸಿಕೊಟ್ಟ ವಾಕ್ಯಗಳನ್ನು ಹೇಳಿದಳು. ಆ ಕಡೆ ಸ್ವಲ್ಪ ಹೊತ್ತು ಏನೂ ಇಲ್ಲ, ಬಿಲ್ಲು ಹರಿಯುವ ಸದ್ದು ಮಾತ್ರ. ಆಮೇಲೆ, "ಆಯ್ತು ಮಗಾ. ರಾತ್ರಿ ಬಂದು ಮಾತಾಡ್ತೇನೆ. ನೀನು ಊಟ ಮಾಡಿದ್ದೀಯಾ?" ಸಭಾಂಗಣದಲ್ಲಿ ಚಪ್ಪಾಳೆ ಹೊಡೆದರು.

ಮರುದಿನ ಭಾನುವಾರ ರಾಗ ಬದಲಾಯಿತು. ಬದುಕಿನಲ್ಲಿ ಏನೇ ಆಗಿದ್ದರೂ ಅದನ್ನು ಬರಮಾಡಿಕೊಂಡವರು ನೀವೇ, ನಿಮ್ಮ ಆಲೋಚನೆಯಿಂದಲೇ ಬಡತನ, ನಿಮ್ಮ ಆಲೋಚನೆಯಿಂದಲೇ ಸಂಪತ್ತು, ಕಣ್ಣು ಮುಚ್ಚಿ ನಿಮ್ಮ ಮುಂದಿನ ಸಂಬಳದ ಅಂಕಿಯನ್ನು ನೋಡಿ. ನನ್ನ ಪೆನ್ಷನ್ನಿನ ಅಂಕಿ ಸರ್ಕಾರಕ್ಕೆ ಬಿಟ್ಟದ್ದಾದ್ದರಿಂದ ನಾನು ಕಣ್ಣು ಬಿಟ್ಟೇ ಕೂತಿದ್ದೆ. ಶನಿವಾರ ನನ್ನದೇನೂ ತಪ್ಪಿಲ್ಲ, ಭಾನುವಾರ ಎಲ್ಲಾ ನನ್ನದೇ ತಪ್ಪು. ಈ ಎರಡರ ನಡುವೆ ಮನುಷ್ಯರ ಇಡೀ ಸಂಸಾರ ಇದೆಯಲ್ಲ, ಮನೆ ಬಾಡಿಗೆ, ರಾತ್ರಿ ಪಾಳಿ, ಕಲ್ಯಾಣ್ ಫಾಸ್ಟ್ ಲೋಕಲ್ ರೈಲಿನಲ್ಲಿ ನಿಂತು ಬರುವ ಒಂದೂಕಾಲು ಗಂಟೆ, ಸೊಂಟ ನೋವಿನ ಅತ್ತೆ, ಬಡ್ತಿ ಕೊಡದ ಮೇಲಧಿಕಾರಿ, ಅದರ ಬಗ್ಗೆ ಎರಡು ದಿನದಲ್ಲಿ ಒಂದು ಮಾತೂ ಬರಲಿಲ್ಲ. ಬಂದರೆ ಕೆಲಸ ಕೆಡುತ್ತದೆ. ಬಾಡಿಗೆಯ ಸಮಸ್ಯೆಗೆ 'ಅಡ್ವಾನ್ಸ್' ಲೆವೆಲ್ ಮಾರಲಾಗುವುದಿಲ್ಲ. ಭಾನುವಾರ ಐದು ಗಂಟೆಗೆ ಫಾರಮ್ಮು ಹಂಚಿದರು, ಕಂತಿನಲ್ಲೂ ಕಟ್ಟಬಹುದು ಎಂದರು. ನನ್ನ ಗಾಯ ಅಷ್ಟು ಹೊತ್ತಿಗೆ ಮಾಗಿರಬಾರದು, ಮಾಗಿದರೆ ಫಾರಮ್ಮು ತುಂಬುವವರಾರು? ಹುಣ್ಣು ಕೆರೆದು ರಣ ಮಾಡುವುದು ಎನ್ನುತ್ತೇವಲ್ಲ, ಅದಕ್ಕೆ ಇಷ್ಟು ಚೆಂದದ ಲೆಟರ್‌ಹೆಡ್ ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

ಬರೀ ಮುದುಕಿಯ ಅನುಭವ ಎನ್ನಬೇಡಿ. ನನ್ನ ಸೊಸೆ ಪುಣೆಯಲ್ಲಿ ಸೈಕಾಲಜಿ ಎಂ.ಎ. ಓದಿದವಳು. ಅವಳ ಹತ್ತಿರ ಕೂತು ಒಂದು ತಿಂಗಳು ಓದಿದ್ದೇನೆ, ಅರ್ಥವಾಗದ್ದನ್ನು ಕೇಳಿ ತಿಳಿದುಕೊಂಡಿದ್ದೇನೆ. ದೊಡ್ಡ ಅನಾಹುತವಾದ ಮೇಲೆ ಜನರನ್ನು ಒಂದೇ ಬೈಠಕ್ಕಿನಲ್ಲಿ ಕೂರಿಸಿ ಆದದ್ದನ್ನೆಲ್ಲ ಹೊರಗೆ ಹಾಕಿಸಿದರೆ ಮನಸ್ಸು ಹಗುರಾಗುತ್ತದೆ ಎಂದು 1980ರ ದಶಕದಿಂದ ಹಲವು ದೇಶಗಳಲ್ಲಿ ಮಾಡುತ್ತಿದ್ದರು. ಪರೀಕ್ಷಿಸಿ ನೋಡಿದರೆ ಅದರಿಂದ ಮುಂದಿನ ಕಾಯಿಲೆ ತಪ್ಪುತ್ತಿರಲಿಲ್ಲ, ಕೆಲವರಿಗೆ ಇನ್ನಷ್ಟು ಬಿಗಡಾಯಿಸಿತ್ತು. ಬ್ರಿಟನ್ನಿನ ಅಧಿಕೃತ ಮಾರ್ಗಸೂಚಿ 2005ರಲ್ಲೇ ಅದನ್ನು ಮಾಡಬೇಡಿ ಎಂದಿತು. ಶಿಬಿರದಲ್ಲಿ ನಮ್ಮಿಂದ ಕೂಗಿಸಿದ 'ನಾನು ಪ್ರೀತಿಗೆ ಯೋಗ್ಯಳು' ಎಂಬ ಮಂತ್ರವನ್ನೂ ಕೆನಡಾದ ಜೋಆನ್ ವುಡ್ ಎಂಬ ಪ್ರಾಧ್ಯಾಪಕಿ ಮತ್ತು ಅವರ ಜತೆಗಾರರು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ್ದಾರೆ. ತಮ್ಮ ಬಗ್ಗೆ ಮೊದಲೇ ಒಳ್ಳೆಯ ಅಭಿಪ್ರಾಯ ಇದ್ದವರಿಗೆ ಅದರಿಂದ ಚೂರು ಹಿತ. ಕೀಳರಿಮೆ ಇದ್ದವರಿಗೆ, ಅಂದರೆ ಮಂತ್ರ ಬೇಕಾದವರಿಗೇ, ಹೇಳಿದ ಮೇಲೆ ಇನ್ನೂ ಬೇಸರ. ಹಲ್ಲಿದ್ದವರಿಗೇ ಕಡಲೆ.

ನನಗೆ ತುಂಬ ಹಿಡಿಸಿದ್ದು ಇನ್ನೊಂದು. 1967ರಲ್ಲಿ ಸೆಲಿಗ್‌ಮನ್ ಮತ್ತು ಮಾಯರ್ ಎಂಬ ಅಮೆರಿಕದ ಇಬ್ಬರು ನಾಯಿಗಳ ಮೇಲೆ ಪ್ರಯೋಗ ಮಾಡಿದರು. ತಪ್ಪಿಸಿಕೊಳ್ಳಲು ದಾರಿಯೇ ಇಲ್ಲದ ಹಾಗೆ ವಿದ್ಯುತ್ ಶಾಕ್ ತಿಂದ ನಾಯಿಗಳು, ಆಮೇಲೆ ದಾರಿ ಇದ್ದಾಗಲೂ ದಾಟದೆ ಬಿದ್ದುಕೊಂಡವು. ಪ್ರಾಣಿ ಅಸಹಾಯಕತೆಯನ್ನು ಕಲಿಯುತ್ತದೆ ಎಂದರು. ಅದು ಎಲ್ಲಾ ಪಠ್ಯದಲ್ಲೂ ಸೇರಿತು. ಸುಮಾರು ಐವತ್ತು ವರ್ಷದ ಮೇಲೆ, 2016ರಲ್ಲಿ, ಅದೇ ಇಬ್ಬರು ಮಿದುಳಿನ ಹೊಸ ಸಂಶೋಧನೆಯನ್ನೆಲ್ಲ ನೋಡಿ, ನಾವು ತಿರುಗಾಮುರುಗಾ ಹೇಳಿದ್ದೆವು ಎಂದು ಬರೆದರು. ದೀರ್ಘಕಾಲ ಪೆಟ್ಟು ಬಿದ್ದರೆ ಮುದುಡಿ ಬೀಳುವುದು ಜೀವದ ಸ್ವಭಾವವೇ, ಅದನ್ನು ಯಾರೂ ಕಲಿಯಬೇಕಿಲ್ಲ. ಕಲಿಯಬೇಕಾದದ್ದು, ನಾನು ಏನಾದರೂ ಮಾಡಿದರೆ ಏನಾದರೂ ಬದಲಾಗುತ್ತದೆ ಎಂಬುದನ್ನು. ಇದನ್ನು ಓದಿದ ರಾತ್ರಿ ನಾನು ಲುಂಗಿಯಲ್ಲಿ ಮೆಟ್ಟಿಲಿಳಿದ ಮನುಷ್ಯನನ್ನು ಸ್ವಲ್ಪ ಹೊತ್ತು ನೋಡುತ್ತಾ ಕೂತೆ. ಗೊರಕೆ ಹೊಡೆಯುತ್ತಿದ್ದರು.

ಆ ಹಾಲಿನ ಪ್ಯಾಕೆಟ್ಟಿಗೆ ಲೆಕ್ಕವೂ ಇದೆ, ಅದೂ ಪಕ್ಕದ ಗೋವಾದಲ್ಲೇ. ಅಲ್ಲಿಯ ಸಂಗಾತ್ ಎಂಬ ಸಂಸ್ಥೆ, ಡಾ. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು 1996ರಲ್ಲಿ ಕಟ್ಟಿದ್ದು, ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಒಂದು ಪರೀಕ್ಷೆ ಮಾಡಿತು. ತೀವ್ರ ಖಿನ್ನತೆ ಇದ್ದ 495 ಜನ. ಒಂದು ಗುಂಪಿಗೆ ಎಂದಿನ ಚಿಕಿತ್ಸೆ, ಇನ್ನೊಂದು ಗುಂಪಿಗೆ ಅದರ ಜತೆಗೆ ಆರರಿಂದ ಎಂಟು ಬೈಠಕ್ಕು ಆಪ್ತ ಸಲಹೆ. ಸಲಹೆ ಕೊಟ್ಟವರು ಡಾಕ್ಟರರಲ್ಲ, ಈ ಕೆಲಸಕ್ಕೆಂದೇ ತರಬೇತಿ ಪಡೆದ ಆ ಊರಿನ ಸಾಮಾನ್ಯ ಜನ. ಕೇಳಿದ್ದು ಗಾಯದ ಪಟ್ಟಿಯನ್ನಲ್ಲ. ನಿಮಗೆ ಮೊದಲು ಏನು ಹಿಡಿಸುತ್ತಿತ್ತು, ಏನು ಬಿಟ್ಟಿದ್ದೀರಿ, ಈ ವಾರ ಅದರಲ್ಲಿ ಯಾವುದೊಂದನ್ನು ಮಾಡಬಹುದು, ಎದುರಿಗಿರುವ ತೊಂದರೆಯನ್ನು ಬಿಡಿಸಲು ದಾರಿ ಏನು, ಯಾರ ಸಹಾಯ ಕೇಳಬಹುದು. ಮೂರು ತಿಂಗಳಾದ ಮೇಲೆ ನೋಡಿದರೆ ಸಲಹೆ ಸಿಕ್ಕವರಲ್ಲಿ ನೂರಕ್ಕೆ 64 ಮಂದಿ ಖಿನ್ನತೆಯಿಂದ ಹೊರಗೆ ಬಂದಿದ್ದರು, ಸಿಗದವರಲ್ಲಿ 39. ಇದು 2017ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಏಸಿ ಸಭಾಂಗಣ ಬೇಕಿರಲಿಲ್ಲ.

ಇನ್ನು ಬಲಿಪಶು ಮನೋಭಾವದ, ಅಂದರೆ ಸದಾ ತನಗೇ ಅನ್ಯಾಯವಾಗಿದೆ ಎಂದುಕೊಳ್ಳುವ ಸ್ವಭಾವದ, ವಿಚಾರ. ಇದನ್ನು ಹೇಳುವಾಗ ನನಗೇ ಸ್ವಲ್ಪ ಭಯ, ಏಕೆಂದರೆ ಈ ಮಾತನ್ನು ಹೆಚ್ಚಾಗಿ ಆಡುವವರು ಪೆಟ್ಟು ಕೊಟ್ಟವರೇ. ನಮ್ಮ ಕಾಲದಲ್ಲಿ ಪೆಟ್ಟು ತಿಂದವರಿಗೆ ಇದ್ದದ್ದು ಒಂದೇ ಮದ್ದು, 'ಸುಮ್ಮನಿರು'. ಲೋಕಲಿನಲ್ಲಿ ಯಾರೋ ಮೈಮುಟ್ಟಿದರೆ ಸುಮ್ಮನಿರು, ಗಂಡ ಹೊಡೆದರೆ ಸುಮ್ಮನಿರು. ಈಗಿನ ಹುಡುಗಿಯರು 'ಬೌಂಡರಿ', ಅಂದರೆ ನನ್ನ ಹತ್ತಿರ ಇಷ್ಟರವರೆಗೆ ಮಾತ್ರ, ಎಂದಾಗ ನಾನು ನಗುವುದಿಲ್ಲ. 1985ರಲ್ಲಿ ಆ ಪದ ನನ್ನ ಕೈಗೆ ಸಿಕ್ಕಿದ್ದರೆ ಒಂದೆರಡು ಕಡೆ ಬಳಸುತ್ತಿದ್ದೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ನಗರ ಮುಳುಗಿದಾಗಲೂ, ಎರಡು ದಿನದಲ್ಲಿ ಕೆಲಸಕ್ಕೆ ಹೊರಟವರನ್ನು ನೋಡಿ 'ಮುಂಬಯಿ ಸ್ಪಿರಿಟ್' ಎಂದು ಹೊಗಳಿದರು. ದಿನಗೂಲಿಯವನಿಗೆ ಅದು ಸ್ಪಿರಿಟ್ ಅಲ್ಲ, ರಜೆ ಇಲ್ಲದ್ದು.

ಹಾಗಾದರೆ ವ್ಯತ್ಯಾಸ ಎಲ್ಲಿ? ಮೊದಲ ಕೆಲವು ವರ್ಷ ನಾನು ಮುಂಬಯಿಯ ಫೋರ್ಟಿನ ಒಂದು ಕನ್ನಡ ರಾತ್ರಿ ಶಾಲೆಯಲ್ಲೂ ಪಾಠ ಮಾಡಿದೆ. ಹೋಟೆಲ್ ಮಾಣಿಗಳು, ಹದಿಮೂರು ಹದಿನಾಲ್ಕು ವರ್ಷದವರು, ಬೆಂಚಿನ ಮೇಲೆ ಕೂತಲ್ಲೇ ತೂಕಡಿಸುತ್ತಿದ್ದರು. ಕುಂದಾಪುರ ಕಡೆಯ ಒಬ್ಬ ಹುಡುಗನ ಮೊಣಕೈಯ ಮೇಲೆ ಬಿಸಿ ಸೌಟಿನ ಬರೆ ಇತ್ತು. ಅವನು ನಿಜವಾಗಿ ಬಲಿಪಶು, ಅನುಮಾನವೇ ಇಲ್ಲ. ನಮ್ಮ ಹೆಡ್‌ಮಾಸ್ಟರು ಅವನನ್ನು ಕೂರಿಸಿ ಒಳಗಿನ ಮಗುವಿನ ಜತೆ ಮಾತಾಡಿಸಲಿಲ್ಲ, ಹೊರಗಿನ ಮಗುವೇ ಎದುರಿಗಿತ್ತಲ್ಲ. ಆ ರಾತ್ರಿಯೇ ಯಜಮಾನನ ಹತ್ತಿರ ಹೋಗಿ, ಎರಡು ತಿಂಗಳ ಬಾಕಿ ಸಂಬಳ ವಸೂಲು ಮಾಡಿ, ಬೇರೆ ಕಡೆ ಸೇರಿಸಿದರು. ಅನ್ಯಾಯ ಆದವನಿಗೆ ಬೇಕಾದದ್ದು ನ್ಯಾಯ, ಬಾಕಿ ಸಂಬಳ, ಮಲಗಲು ಇನ್ನೊಂದು ಜಾಗ. ಗಾಯವನ್ನೇ ಗುರುತಿನ ಚೀಟಿ ಮಾಡಿಕೊಟ್ಟರೆ ಅವನು ಅದನ್ನು ಕಳೆದುಕೊಳ್ಳಲು ಹೆದರುತ್ತಾನೆ.

ಇಸ್ರೇಲಿನ ಕೆಲವು ಸಂಶೋಧಕರು 2020ರಲ್ಲಿ ಇಂಥ ಸ್ವಭಾವಕ್ಕೆ ನಾಲ್ಕು ಲಕ್ಷಣ ಪಟ್ಟಿ ಮಾಡಿದ್ದಾರೆ. ನನಗಾದ ಅನ್ಯಾಯವನ್ನು ಎಲ್ಲರೂ ಒಪ್ಪಬೇಕೆಂಬ ಹಟ, ನಾನೇ ಶುದ್ಧ ಎಂಬ ಭಾವ, ಬೇರೆಯವರ ನೋವು ಕಾಣದಿರುವುದು, ಹಳೆಯದನ್ನೇ ಮೆಲುಕು ಹಾಕುವುದು. ಓದುತ್ತಾ ನನ್ನ ನಾದಿನಿಗೆ ಹೋಲಿಸಿ ನೋಡಿದೆ, ನಾಲ್ಕೂ ಹೊಂದಿತು. ಆಮೇಲೆ, ನ್ಯಾಯಕ್ಕೆ, ನನಗೇ ಹೋಲಿಸಿದೆ. ಮೂರು ಹೊಂದಿತು. ಅಂದರೆ ಇದು ಯಾರದೋ ರೋಗವಲ್ಲ, ಕುಣಿಯಲಾರದಾಗ ನೆಲ ಡೊಂಕು ಎನ್ನುವುದು ಎಲ್ಲರೊಳಗೂ ಇದೆ. ಅದಕ್ಕೆ ಟಿಕೇಟು ಹಚ್ಚಿ ತರಬೇತಿ ಕೊಡಬೇಕಾಗಿಲ್ಲ ಎಂಬುದಷ್ಟೇ ನನ್ನ ತಕರಾರು.

ಈಗ ನಿಮಗೆ ನೇರ ಪ್ರಶ್ನೆ. ವಾರ್ಷಿಕೋತ್ಸವದ ಅಡುಗೆ ಕಾಂಟ್ರಾಕ್ಟಿನವರಿಗೂ ಲೈಸೆನ್ಸ್ ಕೇಳುವ ಸಮಿತಿ, ನಮ್ಮ ಮಕ್ಕಳ ಮನಸ್ಸಿಗೆ ಕೈಹಾಕುವವರ ಬಳಿ ಏನು ಕೇಳಿತು? ಕ್ಲಿನಿಕಲ್ ಸೈಕಾಲಜಿಸ್ಟ್ ಎನ್ನಿಸಿಕೊಳ್ಳಬೇಕಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ ರಿಜಿಸ್ಟ್ರೇಷನ್ ನಂಬರ್ ಇರಬೇಕು. ಮಾನಸಿಕ ಆರೋಗ್ಯ ವೃತ್ತಿಪರರು ಎಂದರೆ ಯಾರು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬಿಡಿಸಿ ಹೇಳಿದೆ. 'ಲೈಫ್ ಕೋಚ್' ಎಂದು ಬೋರ್ಡು ಬರೆಸಲು ಬೇಕಾದದ್ದು ಬೋರ್ಡು ಮಾತ್ರ. ಕರಪತ್ರದಲ್ಲಿ ಈ ಶಿಬಿರ ನಡೆಸುವವರ ಹೆಸರಿನ ಮುಂದೆ ಆರು ಬಿರುದುಗಳಿವೆ, ನಂಬರ್ ಒಂದೂ ಇಲ್ಲ.

ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ. ಬೇರೆ ಬೇರೆ ಕಾಯಿಲೆಗಳಲ್ಲಿ ನೂರಕ್ಕೆ 70ರಿಂದ 92ರಷ್ಟು ಜನಕ್ಕೆ ಚಿಕಿತ್ಸೆಯೇ ಸಿಕ್ಕಿಲ್ಲ. ನಮ್ಮ ಸಂಘದಲ್ಲೂ ಅಂಥವರಿದ್ದಾರೆ, ನೀವೂ ಬಲ್ಲಿರಿ. ಅರಸಿನ ಕುಂಕುಮಕ್ಕೆ ಬರುವುದನ್ನು ನಿಲ್ಲಿಸಿದವರು. ಸಂಜೆ ಏಳಕ್ಕೇ ಬಾಟಲಿ ತೆಗೆಯುವ ನಿವೃತ್ತರು. ಇಂಥವರು ಯಾರೂ 2,500ರ ಕೂಪನ್ ಕೊಳ್ಳುವುದಿಲ್ಲ. ಕೊಳ್ಳುವವರು ನನ್ನ ತಂಗಿಯ ಮಗನಂಥವರು, ಅವನಿಗೆ ಬೇಕಾದದ್ದು ಬೇರೆ ಕೆಲಸ ಮತ್ತು ರಾತ್ರಿ ಎಂಟು ಗಂಟೆ ನಿದ್ದೆ.

ಆ ಒಂದೂವರೆ ಲಕ್ಷವನ್ನು ಅದು ಇದ್ದಲ್ಲೇ ಇಡಿ. ತಿಂಗಳಿಗೆರಡು ಭಾನುವಾರ ರಿಜಿಸ್ಟ್ರೇಷನ್ ಇರುವ ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟರನ್ನು ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಕೂರಿಸಿ, ಕನ್ನಡವೋ ತುಳುವೋ ಬರುವವರು ಸಿಕ್ಕರೆ ಇನ್ನೂ ಒಳ್ಳೆಯದು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನವಿಡೀ ಪುಕ್ಕಟೆ, ಕನ್ನಡದಲ್ಲೂ ಮಾತಾಡುತ್ತಾರೆ, 2022ರ ಅಕ್ಟೋಬರಿನಿಂದ ಇದೆ, ನಮ್ಮ ನೋಟಿಸ್ ಬೋರ್ಡಿನಲ್ಲಿ ಇನ್ನೂ ಇಲ್ಲ. ಅಲ್ಲಿ ಈಗ ಇರುವುದು ಹೋದ ವರ್ಷದ ಯಕ್ಷಗಾನದ ಪೋಸ್ಟರು. ಆಸ್ಪತ್ರೆಯ ಓಪಿಡಿಗೆ ಒಬ್ಬರೇ ಹೋಗಲು ಹೆದರುವವರ ಜತೆ ಸಾಲಿನಲ್ಲಿ ನಿಲ್ಲಲು ನಾನು ಬರುತ್ತೇನೆ, ಮಂಗಳವಾರ ಮತ್ತು ಶುಕ್ರವಾರ. ಕೇಸ್ ಪೇಪರಿನ ಕಿಟಕಿ ಎಲ್ಲಿ, ಯಾವ ಸಾಲು ಬೇಗ ಸರಿಯುತ್ತದೆ ಎಂದು ನನಗೆ ಗೊತ್ತು. ಮಹಿಳಾ ವಿಭಾಗದ ಇನ್ನೂ ಮೂವರು ಒಪ್ಪಿದ್ದಾರೆ.

ಕೂಪನ್ ಪುಸ್ತಕವನ್ನು ಇದರ ಜತೆ ವಾಪಸ್ ಕಳಿಸಿದ್ದೇನೆ. ಇಪ್ಪತ್ತರಲ್ಲಿ ಹತ್ತೊಂಬತ್ತೇ ಇವೆ. ನಮ್ಮ ಬಿಲ್ಡಿಂಗಿನ ಒಬ್ಬರು ಹುಡುಗರ ಮಾತು ಕೇಳಿ ಒಂದನ್ನು ಕೊಂಡಿದ್ದರು. ದುಡ್ಡನ್ನು ನಾನು ಅವರಿಗೆ ತಿರುಗಿಸಿ ಕೊಟ್ಟೆ. ಆದರೆ ಅಷ್ಟರಲ್ಲಿ ಅವರ ಮೊಮ್ಮಗಳು ಕೂಪನ್ನಿನ ಹಿಂಬದಿಯಲ್ಲಿ ಆನೆಯ ಚಿತ್ರ ಬರೆದುಬಿಟ್ಟಿದ್ದಾಳೆ, ಕೊಡಲು ಒಪ್ಪುತ್ತಿಲ್ಲ. ಲೆಕ್ಕಕ್ಕೆ ಬೇಕಿದ್ದರೆ ಆ 2,500 ನನ್ನ ಹೆಸರಿನಲ್ಲಿ ಬರೆದುಕೊಳ್ಳಿ.

ಇತಿ,
ಗ್ರಂಥಾಲಯದ ಟೀಚರ್
ಡೊಂಬಿವಲಿ ಪೂರ್ವ